ಅಲಾರಂ ಹೊಡೆಯೋ ಮೊದಲೇ ಪಿಎಲ್‌ಸಿ ಮಲಗಿದರೆ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರ ಕೊಬ್ಬರಿ ಪುಡಿ ಮಾಡುವ ಸಣ್ಣ ಕಾರ್ಖಾನೆ. ನಾನು ಅಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಪ್ಯಾಕಿಂಗ್ ಮೆಷಿನ್ ವಾರಕ್ಕೆ ಎರಡು ಮೂರು ಸಲ ಇದ್ದಕ್ಕಿದ್ದಂತೆ ನಿಂತು, ಎಲ್ಲಾ ಮೊದಲಿನಿಂದ ಶುರುವಾಗುತ್ತದೆ. ಅದರ 24 ವೋಲ್ಟ್ ಸಪ್ಲೈಗೆ ಮೀಟರ್ ಹಿಡಿದರೆ 23.8 ವೋಲ್ಟ್ ಬರುತ್ತದೆ. ಆದರೂ ಅನುಮಾನ ಬಂದು, ಅದೇ 24 ವೋಲ್ಟನ್ನು ಮೆಷಿನ್ ನಡೆಸುವ ಕಂಟ್ರೋಲರ್, ಅಂದರೆ ಪಿಎಲ್‌ಸಿಯ ಒಂದು ಡಿಜಿಟಲ್ ಇನ್‌ಪುಟ್‌ಗೆ ಕೊಟ್ಟೆ. ಇನ್‌ಪುಟ್ ಹೋದರೆ ಅಲಾರಂ ಬರಬೇಕು ಅಂತ ಪ್ರೋಗ್ರಾಂ ಬರೆದೆ. ಆಮೇಲೆ ಮೆಷಿನ್ ಮೂರು ಸಲ ನಿಂತಿತು, ಅಲಾರಂ ಒಂದು ಸಲವೂ ಬರಲಿಲ್ಲ. ಪಿಎಲ್‌ಸಿ ಸೀಮೆನ್ಸ್ ಎಸ್7-1200, ಡಿಸಿ ಸಪ್ಲೈನದು. ವೋಲ್ಟೇಜ್ ಇಳಿಯೋದನ್ನು ಪಿಎಲ್‌ಸಿಯಿಂದಲೇ ಹಿಡಿಯೋದು ಹೇಗೆ? ನಮ್ಮ ಪಂಪ್‌ಹೌಸಿನ 24 ವೋಲ್ಟ್ ಬ್ಯಾಟರಿಗೂ ಇದೇ ಉಪಾಯ ಸಾಕಾ?

ಉತ್ತರ: ನೀವು ಬರೆದ ಪ್ರೋಗ್ರಾಂ ಸರಿಯಾಗೇ ಇದೆ. ಆದರೂ ಆ ಅಲಾರಂ ಯಾವತ್ತೂ ಬರೋದಿಲ್ಲ. ಇದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ, ಅದೂ ಕೆಲಸ ಮುಗಿಸಿ ಬಿಲ್ ಕೊಟ್ಟ ಮೇಲೆ ಗೊತ್ತಾಯಿತು. ಹಾಗಾಗಿ ಮೊದಲು ಯಾಕೆ ಬರೋದಿಲ್ಲ ಅಂತ ನೋಡೋಣ.

ಡಿಜಿಟಲ್ ಇನ್‌ಪುಟ್‌ಗೆ ಅಳೆಯೋಕೆ ಬರೋದಿಲ್ಲ. ‘ಇದೆ’, ‘ಇಲ್ಲ’ ಎರಡೇ ಗೊತ್ತು. ನಿಮ್ಮ ಎಸ್7-1200ರಲ್ಲಿ 15 ವೋಲ್ಟಿಗಿಂತ ಮೇಲಿದ್ದರೆ ‘ಇದೆ’ ಅನ್ನೋದು ಖಾತ್ರಿ. 5 ವೋಲ್ಟಿಗಿಂತ ಕೆಳಗಿದ್ದರೆ ‘ಇಲ್ಲ’ ಅನ್ನೋದು ಖಾತ್ರಿ. ಇವೆರಡರ ನಡುವೆ ಎಲ್ಲಿ ಬೇಕಾದರೂ ತಿರುಗಬಹುದು. ಈಗ ಸಿಪಿಯು, ಅಂದರೆ ಪಿಎಲ್‌ಸಿಯ ಮಿದುಳಿನ ಕಡೆ ನೋಡಿ. ಅದಕ್ಕೆ ಬೇಕಾದ ಸಪ್ಲೈ 20.4ರಿಂದ 28.8 ವೋಲ್ಟ್, ಅಂದರೆ 24ಕ್ಕಿಂತ ಶೇ. 15 ಕಡಿಮೆಯಿಂದ ಶೇ. 20 ಜಾಸ್ತಿವರೆಗೆ. 20.4ಕ್ಕಿಂತ ಕೆಳಗೆ ಓಡುತ್ತದೆ ಅಂತ ತಯಾರಿಸಿದವರು ಮಾತು ಕೊಟ್ಟಿಲ್ಲ. ಸಪ್ಲೈ 24ರಿಂದ ಜಾರಿ 19ಕ್ಕೆ ಬಂತು ಅಂದುಕೊಳ್ಳಿ. ಸಿಪಿಯು ತೂಕಡಿಸುತ್ತಿದೆ, ಇನ್‌ಪುಟ್ ಮಾತ್ರ ‘ಇದೆ, ಇದೆ’ ಅಂತಲೇ ಹೇಳುತ್ತಿದೆ. ಅದು ‘ಇಲ್ಲ’ ಅನ್ನೋ ಹೊತ್ತಿಗೆ ಕೇಳಿಸಿಕೊಳ್ಳೋಕೆ ಒಳಗೆ ಯಾರೂ ಎದ್ದಿರೋದಿಲ್ಲ.

ಕೆಲವರು ಇನ್‌ಪುಟ್ ಬದಲು ಒಂದು 24 ವೋಲ್ಟ್ ರಿಲೇ (ಕಾಯಿಲ್ ಎಳೆದರೆ ಕೂಡುವ ಸ್ವಿಚ್) ಹಾಕಿ, ಅದು ಬಿಟ್ಟರೆ ಲೋ ವೋಲ್ಟೇಜ್ ಅಂದುಕೊಳ್ಳುತ್ತಾರೆ. ಅದು ಇನ್ನೂ ಕೆಟ್ಟದ್ದು. ಸಾಧಾರಣ ಕಂಟ್ರೋಲ್ ರಿಲೇ ಎಳೆದುಕೊಳ್ಳೋಕೆ ಶೇ. 80ರಷ್ಟು ವೋಲ್ಟ್ ಬೇಕಾಗಬಹುದು. ಆದರೆ ಒಮ್ಮೆ ಎಳೆದುಕೊಂಡ ಮೇಲೆ ಬಿಡೋದು ಅಷ್ಟು ಸುಲಭ ಅಲ್ಲ. ಡೇಟಾಶೀಟಿನಲ್ಲಿ ಬಿಡುವ ವೋಲ್ಟೇಜ್ ಶೇ. 10ರ ಮೇಲೆ ಎಲ್ಲಾದರೂ ಅಂತ ಇರುತ್ತದೆ. ಹತ್ತು ವೋಲ್ಟಿಗೆ ಇಳಿದರೂ ಗಟ್ಟಿಯಾಗಿ ಹಿಡಿದುಕೊಂಡೇ ಇರುವ ರಿಲೇಗಳನ್ನು ನಾನು ಟೇಬಲ್ ಮೇಲೆ ಇಟ್ಟು ನೋಡಿದ್ದೇನೆ.

ಇನ್ನು ನಿಮ್ಮ ಮೀಟರ್ ತೋರಿಸಿದ 23.8. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ನಾವು ಜೇಬಲ್ಲಿಟ್ಟುಕೊಂಡು ಓಡಾಡೋ ಮೀಟರ್ ಸೆಕೆಂಡಿಗೆ ಮೂರ್ನಾಲ್ಕು ಸಲ ಮಾತ್ರ ಓದುತ್ತದೆ, ಅದೂ ಸರಾಸರಿ. ನಿಮ್ಮ ಸಿಪಿಯು ಸಪ್ಲೈ ಪೂರ್ತಿ ಹೋದರೆ ತಡೆದುಕೊಳ್ಳೋದು 10 ಮಿಲಿಸೆಕೆಂಡ್. ಮೂವತ್ತು ಮಿಲಿಸೆಕೆಂಡಿನ ಒಂದು ಕುಸಿತ ಮೀಟರಿನ ಕಣ್ಣಿಗೆ ಬೀಳೋದೇ ಇಲ್ಲ, ಸಿಪಿಯುಗೆ ಮಾತ್ರ ಅದು ಪೂರ್ತಿ ರಾತ್ರಿ. ಇನ್ನೊಂದು ವಿಷಯ. ನೀವು ಮೀಟರ್ ಹಿಡಿದಿದ್ದು ಎಲ್ಲಿ? ಮೇನ್ಸ್ ಕರೆಂಟನ್ನು 24 ವೋಲ್ಟ್ ಡಿಸಿ ಮಾಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನ ಟರ್ಮಿನಲ್ ಮೇಲೆ ಅಂತ ನನ್ನ ಊಹೆ. ಎಲ್ಲರೂ ಅಲ್ಲೇ ಹಿಡಿಯೋದು, ಕೈಗೆ ಸುಲಭವಾಗಿ ಸಿಗುತ್ತೆ ಅಲ್ವಾ?

ಹಾಗಾದರೆ ಅಳೆಯೋದು ಹೇಗೆ? ನಿಮ್ಮ ಸಿಪಿಯು ಮೇಲೆ 0–10 ವೋಲ್ಟಿನ ಎರಡು ಅನಲಾಗ್ ಇನ್‌ಪುಟ್‌ಗಳಿವೆ. ಪ್ಯಾಕಿಂಗ್ ಮೆಷಿನ್‌ಗಳಲ್ಲಿ ಅವು ಹೆಚ್ಚಾಗಿ ಖಾಲಿ ಬಿದ್ದಿರುತ್ತವೆ. 24 ವೋಲ್ಟನ್ನು ನೇರವಾಗಿ ಕೊಡೋ ಹಾಗಿಲ್ಲ, ಹಂಚಿ ಕೊಡಬೇಕು. ಎರಡು ರೆಸಿಸ್ಟರ್ ಸಾಕು: 24 ವೋಲ್ಟಿನ ಕಡೆ 2.2 ಕಿಲೋ ಓಮ್, ಸೊನ್ನೆಯ ಕಡೆ 1 ಕಿಲೋ ಓಮ್. ಎರಡರ ನಡುವಿನ ಜಾಗದಿಂದ ಅನಲಾಗ್ ಇನ್‌ಪುಟ್‌ಗೆ ತಂತಿ. 32 ವೋಲ್ಟ್ ಬಂದರೆ ಇನ್‌ಪುಟ್‌ಗೆ 10 ವೋಲ್ಟ್, 24 ಬಂದರೆ 7.5 ವೋಲ್ಟ್. ರೆಸಿಸ್ಟರ್ ಶೇ. 1ರದ್ದು, ಅರ್ಧ ವಾಟಿನದು ತಗೊಳ್ಳಿ. ಹರಿಯೋದು 7.5 ಮಿಲಿ ಆಂಪ್ ಅಷ್ಟೇ, ಆದರೆ ಕಾಲು ವಾಟಿನದು ಬಿಸಿ ಪ್ಯಾನೆಲಿನಲ್ಲಿ ಸುಮ್ನೆ ಬಣ್ಣಗೆಡುತ್ತದೆ. 1 ಕಿಲೋ ಓಮಿಗೆ ಅಡ್ಡಲಾಗಿ 12 ವೋಲ್ಟಿನ ಒಂದು ಜೀನರ್ ಡಯೋಡ್ ಹಾಕಿ, ವೋಲ್ಟ್ ಅದಕ್ಕಿಂತ ಮೇಲೇರೋಕೆ ಅದು ಬಿಡೋದಿಲ್ಲ. ಯಾವತ್ತಾದರೂ ಆ 1 ಕಿಲೋ ಓಮಿನ ಕಾಲು ಬಿಟ್ಟುಕೊಂಡರೆ ಪೂರ್ತಿ 24 ವೋಲ್ಟ್ ಇನ್‌ಪುಟ್ ಮೇಲೆ ಕೂರೋದು ತಪ್ಪುತ್ತದೆ.

‘22 ಕಿಲೋ, 10 ಕಿಲೋ ಹಾಕಿದರೆ ಕರೆಂಟ್ ಇನ್ನೂ ಕಡಿಮೆ ಅಲ್ವಾ?’ ಅಂತ ಕೇಳಬಹುದು. ಕಡಿಮೆಯೇನೋ ಹೌದು. ಆದರೆ ಆ ಇನ್‌ಪುಟ್‌ಗೆ ತನ್ನದೇ 100 ಕಿಲೋ ಓಮಿನ ಒಳ ತಡೆ ಇದೆ. ಅದು ನಿಮ್ಮ 10 ಕಿಲೋ ಓಮಿಗೆ ಸಮಾನಾಂತರವಾಗಿ ಕೂತು ಅದನ್ನು 9.1 ಕಿಲೋ ಮಾಡುತ್ತದೆ. 7.5 ಬರಬೇಕಾದ ಕಡೆ 7 ಬರುತ್ತದೆ. ಅಂದರೆ 24 ವೋಲ್ಟ್ ಇದ್ದರೂ ಪಿಎಲ್‌ಸಿಗೆ ಇಪ್ಪತ್ತೆರಡೂವರೆ ಅಂತ ಕಾಣುತ್ತದೆ. ಆಮೇಲೆ ನೀವು ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತಾ ಕೂರಬೇಕು. 2.2 ಮತ್ತು 1 ಕಿಲೋದಲ್ಲಿ ಆ ತಪ್ಪು ಶೇ. 1ಕ್ಕಿಂತ ಕಡಿಮೆ.

ಪ್ರೋಗ್ರಾಂನಲ್ಲಿ ಲೆಕ್ಕ ಚೆನ್ನಾಗಿ ಕೂರುತ್ತದೆ. 10 ವೋಲ್ಟಿಗೆ ಈ ಪಿಎಲ್‌ಸಿ ಕೊಡೋ ಅಂಕಿ 27648. ಅದನ್ನು 32ರಿಂದ ಭಾಗಿಸಿದರೆ 864. ಹಾಗಾಗಿ ಬಂದ ಅಂಕಿಯನ್ನು 864ರಿಂದ ಭಾಗಿಸಿದರೆ ವೋಲ್ಟ್ ಸಿಗುತ್ತದೆ. 20736 ಬಂದರೆ ಸರಿಯಾಗಿ 24. ಪೂರ್ಣಾಂಕದಲ್ಲಿ ಭಾಗಿಸಬೇಡಿ, ದಶಮಾಂಶ ಎಲ್ಲಾ ಉದುರಿ ಹೋಗುತ್ತದೆ. ರಿಯಲ್‌ನಲ್ಲಿ (ದಶಮಾಂಶದ ಸಂಖ್ಯೆಯಲ್ಲಿ) ಮಾಡಿ, ಅಥವಾ ಅಂಕಿಯನ್ನು ವೋಲ್ಟಿಗೆ ಬದಲಿಸಿಕೊಡುವ ನಾರ್ಮ್-ಎಕ್ಸ್, ಸ್ಕೇಲ್-ಎಕ್ಸ್ ಬ್ಲಾಕ್ ಬಳಸಿ. ಸ್ಕೇಲ್‌ನ ಮೇಲಿನ ತುದಿಗೆ 32.0 ಬದಲು 32.2 ಕೊಟ್ಟು ಶುರು ಮಾಡಿ, ಆಗಲೇ ಹೇಳಿದ ಒಳ ತಡೆಯ ಲೆಕ್ಕ ಅದು. ಆಮೇಲೆ ಮೀಟರ್ ಪಕ್ಕದಲ್ಲಿಟ್ಟು ಎರಡೂ ಒಂದೇ ಹೇಳೋವರೆಗೆ ಆ ಅಂಕಿಯನ್ನು ತಿದ್ದಿ. ಆ ಚಾನೆಲ್‌ನ ಸ್ಮೂತಿಂಗ್ ಆಯ್ಕೆಯನ್ನು ತೆಗೆದುಬಿಡಿ. ಇಲ್ಲದಿದ್ದರೆ ನಾವು ಹಿಡಿಯಬೇಕಾದ ಕುಸಿತವನ್ನೇ ಅದು ನುಣ್ಣಗೆ ಉಜ್ಜಿಬಿಡುತ್ತದೆ.

ಅಲಾರಂ ಎಷ್ಟಕ್ಕೆ? ಎರಡು ಮೆಟ್ಟಿಲು ಇಡಿ. 22.5ಕ್ಕಿಂತ ಕೆಳಗೆ ಎರಡು ಸೆಕೆಂಡ್ ಇದ್ದರೆ ಎಚ್ಚರಿಕೆ, ಹಳದಿ ದೀಪ ಸಾಕು, ಮೆಷಿನ್ ಓಡಲಿ. 21.5ಕ್ಕಿಂತ ಕೆಳಗೆ ಹೋದರೆ ಕಾಯೋದು ಬೇಡ, ತಕ್ಷಣ ಅಲಾರಂ ಲ್ಯಾಚ್ ಆಗಲಿ, ಅಂದರೆ ಯಾರಾದರೂ ಅಳಿಸುವವರೆಗೆ ನಿಂತಿರಲಿ, ಟೈಮ್ ಬರೆದುಕೊಳ್ಳಲಿ. ಎಚ್ಚರಿಕೆ ಹೋಗೋದು 23 ದಾಟಿದ ಮೇಲೆ. 22.5ಕ್ಕೇ ಬಂದು 22.5ಕ್ಕೇ ಹೋಗೋ ಹಾಗೆ ಇಟ್ಟರೆ ಆ ದೀಪ ಜಾತ್ರೆ ಸೀರಿಯಲ್ ಸೆಟ್ ಥರ ಮಿಣುಕುತ್ತದೆ. ಎರಡೇ ದಿನಕ್ಕೆ ಆಪರೇಟರ್ ಅದರ ಮೇಲೆ ಟೇಪ್ ಅಂಟಿಸುತ್ತಾನೆ. ತಮಾಷೆಗೆ ಹೇಳಿದ್ದಲ್ಲ, ಅಂತರಸನಹಳ್ಳಿಯ ಒಂದು ಶೆಡ್ಡಿನಲ್ಲಿ ಕಪ್ಪು ಟೇಪ್ ಅಂಟಿಸಿದ ಅಲಾರಂ ದೀಪವನ್ನು ನಾನೇ ನೋಡಿದ್ದೇನೆ.

ಇದೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸೋದು ‘ಅತಿ ಕಡಿಮೆ’ ಅನ್ನೋ ಒಂದೇ ಒಂದು ಅಂಕಿ. ಪ್ರತಿ ಸ್ಕ್ಯಾನ್‌ನಲ್ಲೂ, ಅಂದರೆ ಪ್ರೋಗ್ರಾಂ ಒಂದು ಸುತ್ತು ಓಡಿದಾಗಲೆಲ್ಲಾ, ಈಗಿನ ವೋಲ್ಟನ್ನು ಹಳೇ ಕನಿಷ್ಠದ ಜೊತೆ ಹೋಲಿಸಿ, ಇದು ಕಡಿಮೆ ಇದ್ದರೆ ಇದನ್ನೇ ಇಟ್ಟುಕೊಳ್ಳಿ. ಅದನ್ನು ರಿಟೆಂಟಿವ್ ಮೆಮರಿಯಲ್ಲಿ ಇಡಿ, ಆಗ ಸಿಪಿಯು ಮಲಗಿ ಎದ್ದರೂ ಉಳಿದಿರುತ್ತದೆ. ಮೆಷಿನ್ ಆನ್ ಆದ ಮೊದಲ ಮೂರು ಸೆಕೆಂಡ್ ಲೆಕ್ಕಕ್ಕೆ ತಗೋಬೇಡಿ. ಅಂಕಿಯನ್ನು ಅಳಿಸೋಕೆ ಆಪರೇಟರ್ ಮುಂದಿನ ಪರದೆ, ಅಂದರೆ ಎಚ್‌ಎಂಐನಲ್ಲಿ ಒಂದು ಬಟನ್, ಅದಕ್ಕೆ ಪಾಸ್‌ವರ್ಡ್. ಮುಂದಿನ ಸಲ ಮೆಷಿನ್ ನಿಂತಾಗ ಹೋಗಿ ಆ ಅಂಕಿ ನೋಡಿ. 20.9 ಇದ್ದರೆ ಕಳ್ಳ ಸಿಕ್ಕಿದ. 23.4 ಇದ್ದರೆ ಡಿಸಿ ಸಪ್ಲೈ ಮೇಲೆ ಅನುಮಾನ ಕಡಿಮೆ ಮಾಡಿ, ಬೇರೆ ಕಡೆ ಹುಡುಕಿ. ಜೊತೆಗೆ ಲ್ಯಾಪ್‌ಟಾಪ್ ಹಾಕಿ, ಪಿಎಲ್‌ಸಿ ತನಗಾದದ್ದನ್ನು ಟೈಮ್ ಸಮೇತ ಬರೆದಿಟ್ಟುಕೊಳ್ಳುವ ಡಯಾಗ್ನೋಸ್ಟಿಕ್ ಬಫರ್ ತೆರೆಯಿರಿ. ಮೆಷಿನ್ ನಿಂತ ಹೊತ್ತಿಗೆ ಸರಿಯಾಗಿ ಪವರ್ ಆನ್ ಅಂತ ಬಂದಿದ್ದರೆ ಸಿಪಿಯುಗೆ ಸಪ್ಲೈ ಹೋಗಿತ್ತು ಅಂತಲೇ ಅರ್ಥ. ನಿಜ ಹೇಳಬೇಕೆಂದರೆ ಈ ಕೆಲಸವನ್ನು ನೀವು ಇವತ್ತೇ ಮಾಡಬಹುದು, ರೆಸಿಸ್ಟರ್ ತರೋಕೆ ತುಮಕೂರಿಗೆ ಬರೋ ಮೊದಲೇ.

ಇಷ್ಟಾದರೂ ಮೊದಲಿನ ತೊಡಕು ಪೂರ್ತಿ ಹೋಗಿಲ್ಲ. ಅಳೆಯುವವನು, ಅಳೆಸಿಕೊಳ್ಳುವವನು ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ. ನಿಧಾನವಾಗಿ ಇಳಿಯುವ ವೋಲ್ಟೇಜನ್ನು ಮೇಲಿನ ಉಪಾಯ ಚೆನ್ನಾಗಿ ಹಿಡಿಯುತ್ತದೆ. ದಿಢೀರ್ ಅಂತ ಕುಸಿದರೆ, ಬರೆದುಕೊಳ್ಳೋ ಮೊದಲೇ ಸಿಪಿಯು ಹೋಗಿರಬಹುದು. ಅದಕ್ಕೆ ನಾನು ಸಾಧಾರಣವಾಗಿ ಮಾಡೋದು ಸಪ್ಲೈ ಬೇರೆ ಮಾಡೋದು. ಪಿಎಲ್‌ಸಿ ಮತ್ತು ಎಚ್‌ಎಂಐಗೆ ಒಂದು ಸಣ್ಣ 2.5 ಆಂಪ್ ಎಸ್‌ಎಂಪಿಎಸ್. ವಾಲ್ವ್, ರಿಲೇ, ಮೋಟಾರ್ ಡ್ರೈವ್‌ಗಳಿಗೆ ಈಗಿರೋ ದೊಡ್ಡದು. ಈಗ ಪಿಎಲ್‌ಸಿ ತನ್ನ ಪಾಡಿಗೆ ಕೂತು ಆ ದೊಡ್ಡದರ ವೋಲ್ಟೇಜ್ ನೋಡುತ್ತದೆ. ಎರಡೂ ಎಸ್‌ಎಂಪಿಎಸ್‌ಗಳ ಮೈನಸ್ ಒಂದಕ್ಕೊಂದು ಸೇರಿರಲೇಬೇಕು, ಮರೆಯಬೇಡಿ. ಸೇರದಿದ್ದರೆ ಅನಲಾಗ್ ಅಂಕಿ ಗಾಳಿಪಟದ ಹಾಗೆ ಓಲಾಡುತ್ತದೆ. ಪ್ಲಸ್ ಮಾತ್ರ ಸೇರಿಸಬೇಡಿ.

ಇನ್ನೊಂದು ಉಪಾಯ ಇದೆ, ನನಗೆ ಇಷ್ಟವಾದದ್ದು. ಕಡಿಮೆ ವೋಲ್ಟಿನಲ್ಲೂ ಬದುಕುವ ಕಾವಲುಗಾರನನ್ನು ಇಡೋದು. ಸೀಮೆನ್ಸ್‌ನವರದೇ ಲೋಗೋ ಅನ್ನೋ ಪುಟ್ಟ ಕಂಟ್ರೋಲರ್ ಇದೆಯಲ್ಲ, ಅದರ 12/24 ವೋಲ್ಟಿನ ಮಾದರಿ 10.8 ವೋಲ್ಟ್‌ವರೆಗೂ ಓಡುತ್ತದೆ. ಅದರ ನಾಲ್ಕು ಇನ್‌ಪುಟ್‌ಗಳು 0–10 ವೋಲ್ಟ್ ಅನಲಾಗ್ ಕೂಡ ಓದುತ್ತವೆ, 10 ವೋಲ್ಟಿಗೆ 1000 ಅಂತ ಅಂಕಿ. ಅದೇ ಎರಡು ರೆಸಿಸ್ಟರ್ ಹಾಕಿ, ಮೀಟರ್ ಜೊತೆ ಇನ್ನೊಮ್ಮೆ ತಾಳೆ ನೋಡಿಕೊಳ್ಳಿ. ನಿಮ್ಮ ದೊಡ್ಡ ಪಿಎಲ್‌ಸಿ 20ರಲ್ಲಿ ಕಣ್ಣು ಮುಚ್ಚಿದರೂ ಇದು 15ರಲ್ಲೂ ಎದ್ದು ಕೂತಿರುತ್ತದೆ. ನಿಮ್ಮ ಸ್ಟೋರಿನಲ್ಲಿ ಹಳೇ ಮೆಷಿನಿಂದ ಬಿಚ್ಚಿದ ಒಂದು ಲೋಗೋ ಬಿದ್ದಿದ್ದರೆ ಖರ್ಚೂ ಇಲ್ಲ. ಅದೂ ಇಲ್ಲ, ಇದೂ ಬೇಡ ಅಂದರೆ ರೆಡಿಮೇಡ್ ಡಿಸಿ ವೋಲ್ಟೇಜ್ ಮಾನಿಟರಿಂಗ್ ರಿಲೇ ಸಿಗುತ್ತದೆ, ಸ್ಕ್ರೂ ತಿರುಗಿಸಿ ಮಿತಿ ಇಡೋದು. ಕೆಲವು ಎಸ್‌ಎಂಪಿಎಸ್‌ಗಳಲ್ಲಿ ‘ಡಿಸಿ ಓಕೆ’ ಅಂತ ಒಂದು ಕಾಂಟ್ಯಾಕ್ಟ್ ಬರುತ್ತದೆ. ನಿಮ್ಮದರಲ್ಲಿ ಇದ್ದರೆ ಮೊದಲು ಅದನ್ನೇ ಬಳಸಿ. ಮಿತ್ಸುಬಿಷಿ ಎಫ್‌ಎಕ್ಸ್3ಯು ಬಳಸುವವರು ಇದನ್ನು ಓದುತ್ತಿದ್ದರೆ, ಅದರಲ್ಲಿ ಎಂ8009 ಅನ್ನೋ ಬಿಟ್ ಜೋಡಿಸಿದ ಎಕ್ಸ್‌ಟೆನ್ಷನ್ ಯುನಿಟ್‌ನ 24 ವೋಲ್ಟ್ ಬಿದ್ದಾಗ ಆನ್ ಆಗುತ್ತದೆ, ನೋಡಿಕೊಳ್ಳಿ.

ಎಲ್ಲಿ ಅಳೆಯಬೇಕು ಅನ್ನೋದು ಇನ್ನೂ ಉಳಿದಿದೆ. ನಿಮ್ಮ ಪ್ಯಾನೆಲಿನಿಂದ ವಾಲ್ವ್ ಬ್ಯಾಂಕ್ 25 ಮೀಟರ್ ದೂರ ಇದೆ, 0.75 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದಾರೆ ಅಂತ ಇಟ್ಟುಕೊಳ್ಳೋಣ. ಹೋಗಿ ಬರೋದು 50 ಮೀಟರ್. ಆ ವೈರಿನ ತಡೆ ಕಿಲೋಮೀಟರಿಗೆ ಸುಮಾರು 26 ಓಮ್, ಅಂದರೆ ಇಲ್ಲಿ 1.3 ಓಮ್. 2 ಆಂಪ್ ಹರಿದರೆ 2.6 ವೋಲ್ಟ್ ದಾರಿಯಲ್ಲೇ ಖರ್ಚು. ಪ್ಯಾನೆಲಿನಲ್ಲಿ 24 ಇದ್ದರೆ ವಾಲ್ವಿಗೆ 21.4. ವಾಲ್ವ್ ಎಳೆಯುವ ಕಾಯಿಲ್‌ಗಳಿಗೆ, ಅಂದರೆ ಸೊಲೆನಾಯ್ಡ್‌ಗಳಿಗೆ ಸಾಮಾನ್ಯವಾಗಿ ಶೇ. 10ರ ರಿಯಾಯಿತಿ ಇರುತ್ತದೆ, ಅಂದರೆ 21.6ವರೆಗೆ. ಆಗಲೇ ಗಡಿ ದಾಟಿ ಆಯ್ತು. ಎಸ್‌ಎಂಪಿಎಸ್ ಹತ್ತಿರ ಅಳೆದವರಿಗೆ ಇದು ಯಾವತ್ತೂ ಕಾಣೋದಿಲ್ಲ. 2.5 ಸ್ಕ್ವೇರ್ ಎಳೆದರೆ ಅದೇ ಖರ್ಚು 0.8 ವೋಲ್ಟ್.

ಹಾಗಾಗಿ ದೂರದ ತುದಿಯಿಂದ ಒಂದು ಸಣ್ಣ ತಂತಿ ವಾಪಸ್ ತಂದು ಅನಲಾಗ್‌ಗೆ ಕೊಡಿ. ಒಂದು ಎಚ್ಚರ. ಪ್ಲಸ್ ಮಾತ್ರ ತಂದು, ಮೈನಸ್ ಪ್ಯಾನೆಲಿನದೇ ಬಳಸಿದರೆ ಅರ್ಧ ಕುಸಿತವಷ್ಟೇ ಕಾಣುತ್ತದೆ. ವಾಪಸ್ ಬರುವ ತಂತಿಯಲ್ಲೂ ಅಷ್ಟೇ ಕುಸಿತ ಇರುತ್ತದೆ. ಎರಡೂ ತಂತಿ ಒಂದೇ ಅಳತೆಯದಾದರೆ, ಕಂಡ ಕುಸಿತವನ್ನು ಎರಡರಿಂದ ಗುಣಿಸಿಕೊಳ್ಳಿ, ಸಾಕು.

ಈಗ ನಿಮ್ಮ ಮೆಷಿನಿನ ಕಾಯಿಲೆಗೆ ಬರೋಣ. ನೋಡದೆ ಹೇಳೋದು ಕಷ್ಟ, ಆದರೂ ಕೊಬ್ಬರಿ ಪುಡಿ ಅಂದಿರಿ. ಆ ಧೂಳಿಗೆ ಎಣ್ಣೆ ಪಸೆ ಇರುತ್ತದೆ. ಎಸ್‌ಎಂಪಿಎಸ್‌ನ ತೂತುಗಳಿಗೆ ಮೆತ್ತಿಕೊಂಡರೆ ಗಾಳಿ ಊದಿದರೂ ಹೋಗೋದಿಲ್ಲ. ಪಕ್ಕದಲ್ಲಿ ಡ್ರೈಯರ್ ಬೇರೆ ಇದ್ದರೆ ಪ್ಯಾನೆಲ್ ಒಳಗೆ ಒಲೆಯೇ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿಗೆ ಪ್ರತಿ 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ ಅಂತ ಒಂದು ಲೆಕ್ಕ ಇದೆ. ಹಳೇ ಎಸ್‌ಎಂಪಿಎಸ್ ಲೋಡ್ ಇಲ್ಲದಾಗ 23.8 ಕೊಡುತ್ತದೆ. ಆರು ವಾಲ್ವ್ ಒಟ್ಟಿಗೆ ಹೊಡೆದು, ಅದೇ ಹೊತ್ತಿಗೆ ಲೇಬಲ್ ಮೋಟಾರೂ ಎಳೆದರೆ ಮಂಡಿ ಊರುತ್ತದೆ. ಎಚ್‌ಎಂಐ ಥರದವು ಇನ್ನೂ ಒಂದು ಕೈ ಮುಂದೆ. ವೋಲ್ಟ್ ಇಳಿದಷ್ಟೂ ಅವು ಜಾಸ್ತಿ ಕರೆಂಟ್ ಎಳೆಯುತ್ತವೆ, ಬಿದ್ದವನ ಮೇಲೆ ಇನ್ನೊಂದು ಮೂಟೆ. ಇಂಥ ಕಡೆ ಎಸ್‌ಎಂಪಿಎಸ್‌ನ ವೋಲ್ಟ್ ಹೊಂದಿಸುವ ಟ್ರಿಮ್ ಸ್ಕ್ರೂ ತಿರುಗಿಸಿ 28ಕ್ಕೆ ಏರಿಸುವವರಿದ್ದಾರೆ. ಮಾಡಬೇಡಿ. ಸಿಪಿಯು ಮಿತಿ 28.8, ಕಾಯಿಲ್‌ಗಳು ಅದಕ್ಕೂ ಮೊದಲೇ ಬೇಯುತ್ತವೆ. 24.5 ಮಾಡಿಕೊಳ್ಳಿ, ಅಷ್ಟಕ್ಕೆ ಬಿಡಿ.

ಎಸ್‌ಎಂಪಿಎಸ್ ಬದಲಾಯಿಸೋ ಮೊದಲು ಒಂದು ಕೆಲಸ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಮೆಷಿನ್‌ಗೆ ನಾನು ಎಸ್‌ಎಂಪಿಎಸ್ ಬದಲಾಯಿಸಿದೆ. ನಿಲ್ಲೋದು ನಿಲ್ಲಲಿಲ್ಲ. ಪ್ರೋಗ್ರಾಂ ಬರೆದವನನ್ನು ಬೈದೆ, ಅವನು ಬಂದು ನೋಡಿ ಹೋದ. ಮೂರನೇ ದಿನ ಮಧ್ಯಾಹ್ನ, ಮೆಷಿನ್ ಓಡುತ್ತಿರುವಾಗ ಸುಮ್ನೆ ಟರ್ಮಿನಲ್ ಸಾಲಿನ ಮೇಲೆ ಬೆರಳು ಆಡಿಸುತ್ತಾ ಬಂದೆ. ಒಂದು ಟರ್ಮಿನಲ್ ಬೆಚ್ಚಗಿತ್ತು. ಮೀಟರಿನ ಎರಡೂ ಕಡ್ಡಿಯನ್ನು ಅದೇ ಟರ್ಮಿನಲ್‌ನ ಎರಡು ಬದಿಗೆ ಇಟ್ಟೆ. ಒಂದು ಜಾಯಿಂಟಿಗೆ ಅಡ್ಡಲಾಗಿ ಕೆಲವು ಮಿಲಿವೋಲ್ಟ್ ಬರಬೇಕು, ನನಗೆ ಬಂದದ್ದು 1.9 ವೋಲ್ಟ್. ಬಿಚ್ಚಿ ನೋಡಿದರೆ ತಂತಿಯ ತುದಿಗೆ ಹಾಕುವ ಲೋಹದ ಕೊಳವೆ, ಅಂದರೆ ಫೆರೂಲ್, ತಾಮ್ರದ ಬದಲು ಇನ್ಸುಲೇಷನ್ ಮೇಲೆ ಕ್ರಿಂಪ್ ಆಗಿದೆ, ನಾಲ್ಕೇ ನಾಲ್ಕು ಎಳೆ ತಾಮ್ರ ಸ್ಕ್ರೂಗೆ ತಾಗಿಕೊಂಡಿವೆ. ಆ ಫೆರೂಲ್ ಹಾಕಿದ್ದು ನಮ್ಮ ಹುಡುಗನೇ. ಈಗಲೂ ಅದು ನನ್ನ ಟೂಲ್ ಬಾಕ್ಸಿನಲ್ಲಿದೆ.

ಹಾಗೇ ನೀವೂ ಮಾಡಿ. ಲೋಡ್ ಇರುವಾಗ ಒಂದೊಂದು ಜಾಯಿಂಟಿಗೂ ಮೀಟರ್ ಅಡ್ಡ ಹಿಡಿದು ನೋಡಿ: ಫ್ಯೂಸ್ ಹೋಲ್ಡರ್, ಎಂಸಿಬಿ, ಟರ್ಮಿನಲ್, ಎಮರ್ಜೆನ್ಸಿ ಬಟನ್ನಿನ ಕಾಂಟ್ಯಾಕ್ಟ್. ಫ್ಯೂಸ್ ಹೋಲ್ಡರ್‌ಗಳ ಮೇಲೆ ನನಗೆ ವಿಶೇಷ ಅನುಮಾನ. ಒಂದೊಂದಾಗಿ ಬರೆದಿಟ್ಟುಕೊಂಡರೆ ಅರ್ಧ ಗಂಟೆ ಹಿಡಿಯುತ್ತದೆ. ಪ್ಯಾನೆಲ್ ಬಾಗಿಲು ತೆಗೆದು ಓಡುವ ಮೆಷಿನ್‌ನಲ್ಲಿ ಮಾಡುವ ಕೆಲಸ ಇದು, ಪಕ್ಕದಲ್ಲೇ 415 ವೋಲ್ಟ್ ಇರುತ್ತದೆ. ಒಬ್ಬರೇ ಮಾಡಬೇಡಿ.

ಮೇನ್ಸ್ ಕಡೆಯಿಂದಲೂ ಬರಬಹುದು. ಎಸ್‌ಎಂಪಿಎಸ್‌ನ ಮೇಲೆ 100ರಿಂದ 240 ಅಂತ ಬರೆದಿದ್ದರೆ ಸಾಯಂಕಾಲದ ಲೋ ವೋಲ್ಟೇಜಿಗೆಲ್ಲಾ ಅದು ಹೆದರೋದಿಲ್ಲ. ಆದರೆ ಕರೆಂಟ್ ಪೂರ್ತಿ ಹೋದರೆ ಪೂರ್ತಿ ಲೋಡಿನಲ್ಲಿ ಸುಮಾರು 20 ಮಿಲಿಸೆಕೆಂಡ್ ತಳ್ಳುತ್ತದೆ, ಅಷ್ಟೇ. ಡಿಜಿಗೆ (ಡೀಸೆಲ್ ಜನರೇಟರ್‌ಗೆ) ಬದಲಾಗುವಾಗ ನಿಲ್ಲುತ್ತಿದ್ದರೆ ಅದು ಸಹಜ, ಅದಕ್ಕೆ ಡಿಸಿ ಯುಪಿಎಸ್ ಬೇಕು. ನಿಂತ ಟೈಮ್, ಡಿಜಿ ಲಾಗ್ ಪುಸ್ತಕದ ಟೈಮ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಪಂಪ್‌ಹೌಸಿನ ಬ್ಯಾಟರಿಗೆ ವೈರಿಂಗ್ ಇದೇ, ಮಿತಿಗಳು ಬೇರೆ. ಲೆಡ್ ಆಸಿಡ್ ಆದರೆ 24 ವೋಲ್ಟಿಗೆ 12 ಸೆಲ್. ಚಾರ್ಜರ್ ಇದ್ದಾಗ 27ರ ಆಸುಪಾಸು ನಿಂತಿರುತ್ತದೆ. ಅಲ್ಲಿ 24.5 ಕಂಡರೇ ಚಾರ್ಜರ್ ಸತ್ತಿದೆ ಅಂತ ಅರ್ಥ, ಮೊದಲ ಎಚ್ಚರಿಕೆ ಅಲ್ಲೇ ಇಡಿ. ಸೆಲ್ಲಿಗೆ 1.8ರ ಹಾಗೆ 21.6ಕ್ಕೆ ಲೋಡ್ ಕಟ್ ಮಾಡಿ, ಅದಕ್ಕಿಂತ ಹಿಂಡಿದರೆ ಬ್ಯಾಟರಿ ಹಾಳು. ಪಂಪಿನ ಕಾಂಟ್ಯಾಕ್ಟರ್ ಎಳೆದಾಗ ಒಂದು ಕ್ಷಣ ಇಳಿಯೋದು ಮಾಮೂಲಿ. ಹಾಗಾಗಿ ಅಲ್ಲಿ ಎರಡು ಸೆಕೆಂಡ್ ಸಾಲದು, ಮೂವತ್ತು ಸೆಕೆಂಡ್ ಕಾಯಲಿ.

ರೆಸಿಸ್ಟರ್ ಹಾಕಿದ ಮೇಲೆ ಮೆಷಿನ್ ಮುಂದಿನ ಸಲ ನಿಂತಾಗ ಆ ‘ಅತಿ ಕಡಿಮೆ’ ಅಂಕಿ ಎಷ್ಟಿತ್ತು, ಎಲ್ಲಿ ಅಳೆದಿರಿ ಅಂತ ಬರೆಯಿರಿ. 23ರ ಮೇಲಿದ್ದೂ ನಿಂತಿದ್ದರೆ, ನನಗೆ ಬರೆಯೋ ಮೊದಲು ಸಿಪಿಯುವಿನ ಸಪ್ಲೈ ಪ್ಲಗ್ಗನ್ನು ಒಮ್ಮೆ ಕಿತ್ತು, ಸ್ಕ್ರೂ ಬಿಗಿ ಮಾಡಿ ಹಾಕಿ ನೋಡಿ.